‘ಮೂರ್’ ಎಂಬ ಶಬ್ದವೂ ಕಿಂಡರ್ ಸ್ಕೌಟ್ ಎಂಬ ಬೆಟ್ಟವೂ

1. ವಿಷಯಪ್ರವೇಶ

ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳು ‘ಮೂರ್’, ‘ಹೀತ್’ ಎಂಬ ಎರಡು ಶಬ್ದಗಳನ್ನು ಮೇಲಿಂದ ಮೇಲೆ ಎದುರುಗೊಳ್ಳುತ್ತಾರೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಮಾಟಗಾತಿಯರು ನಾಯಕನನ್ನು ಸಂಧಿಸುವುದು ಒಂದು ಹೀತ್‌ನಲ್ಲಿ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ (1847) ಕಾದಂಬರಿಯ ಕಥೆ ನಡೆಯುವುದು ಯಾರ್ಕ್‌ಷೈರಿನ ಮೂರ್ ಪ್ರದೇಶದಲ್ಲಿ. ಥಾಮಸ್ ಹಾರ್ಡಿಯ ‘ದಿ ರಿಟರ್ನ್ ಆಫ್ ದಿ ನೇಟಿವ್’ (1878) ಕಾದಂಬರಿಯಲ್ಲಂತೂ ಎಗ್ಡನ್ ಹೀತ್ ಎಂಬ ಬಯಲೇ ಒಂದು ಪಾತ್ರವೆನ್ನುವಷ್ಟು ಪ್ರಧಾನವಾಗಿ ಬಂದಿದೆ. ಈ ಎರಡು ಶಬ್ದಗಳಿಗೂ ತರಗತಿಯಲ್ಲಿ ನಾವು ಸಾಮಾನ್ಯವಾಗಿ ಬರೆಯಿಸುವ ಅರ್ಥ ‘ಬಂಜರುಭೂಮಿ’ ಅಥವಾ ‘ಪಾಳುಭೂಮಿ’ ಎಂದು.

ಈ ಅರ್ಥವು ಪರೀಕ್ಷೆಯಲ್ಲಿ ಅಂಕಗಳನ್ನು ತಂದುಕೊಡಬಹುದು. ಆ ನೆಲವನ್ನು ವಿದ್ಯಾರ್ಥಿಯ ಕಣ್ಣಮುಂದೆ ತಂದು ನಿಲ್ಲಿಸಲಾರದು. ಬಂಜರೆಂದರೆ ಏನೂ ಬೆಳೆಯದ ನೆಲ. ಮೂರ್ ಎಂಬಲ್ಲಾದರೋ ಹೂವು ಅರಳುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ, ಹೊಳೆ ಹುಟ್ಟುತ್ತದೆ, ಜೇನು ದೊರೆಯುತ್ತದೆ. ರಜೆಯ ದಿನಗಳಲ್ಲಿ ಜನರು ಗುಂಪುಗುಂಪಾಗಿ, ಅದರ ಮೇಲೆ ನಡೆಯುವುದಕ್ಕಾಗಿಯೇ, ನಗರಗಳಿಂದ ಬರುತ್ತಾರೆ. ಅಷ್ಟೇ ಅಲ್ಲದೆ ‘ಪಾಳು’ ಎಂಬ ಹೆಸರಿನ ಮರೆಯಲ್ಲಿಯೇ ಆ ನೆಲವು ಒಂದು ಕಾಲದಲ್ಲಿ ಜನಸಾಮಾನ್ಯರ ಕೈತಪ್ಪಿ ಹೋಯಿತು. ಅದರ ಮೇಲೆ ಕಾಲಿಡುವ ಹಕ್ಕನ್ನು ಮರಳಿ ಪಡೆಯಲು ಅವರಿಗೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು. ಆದುದರಿಂದ ಇದು ಕೇವಲ ನಿಘಂಟಿನ ವಿಚಾರವಲ್ಲ. ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿರುವ ಕಿಂಡರ್ ಸ್ಕೌಟ್ ಎಂಬ ಒಂದೇ ಬೆಟ್ಟವನ್ನು ನಿದರ್ಶನವಾಗಿ ಇಟ್ಟುಕೊಂಡು ಇದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಶಬ್ದಾರ್ಥ

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳೋಣ. ಹೀತ್ ಮತ್ತು ಮೂರ್ ಎರಡೂ ಮರಗಳಿಲ್ಲದ, ಕುಳ್ಳುಗಿಡಗಳು ಹರಡಿದ ಬಯಲುಗಳೇ. ಆದರೆ ಹೀತ್ ಎಂಬುದು ಸಾಮಾನ್ಯವಾಗಿ ತಗ್ಗುನಾಡಿನ ಒಣ ಮರಳುನೆಲ. ಮೂರ್ ಎಂಬುದು ಎತ್ತರದ ಪ್ರದೇಶದ, ಮಳೆ ಹೆಚ್ಚಾಗಿ ಬೀಳುವ, ಜವುಗು ಮಣ್ಣಿನ ನೆಲ. ಎರಡರಲ್ಲಿಯೂ ಬೆಳೆಯುವ ಮುಖ್ಯ ಸಸ್ಯ ‘ಹೆದರ್’.

ಕನ್ನಡದ ‘ಹೆದರು’ ಎಂಬ ಧಾತುವಿಗೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲವೆಂಬುದು ಸ್ಪಷ್ಟವೇ ಸರಿ. ಆದರೆ ಹೀತ್ ಶಬ್ದಕ್ಕೂ ಹೆದರ್ ಶಬ್ದಕ್ಕೂ ಮೂಲತಃ ಸಂಬಂಧವಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಈ ಗಿಡಕ್ಕೆ ‘ಹ್ಯಾಡರ್’ ಎಂಬಂತಹ ಹಳೆಯ ರೂಪವಿತ್ತು. ಅದು ಬೆಳೆಯುವ ಸ್ಥಳ ಹೀತ್ ಆದುದರಿಂದ, ಸಾದೃಶ್ಯಬಲದಿಂದ ಕಾಗುಣಿತವು ಮಾರ್ಪಟ್ಟು ಈಗಿನ ರೂಪ ನಿಂತಿತು. ಇದೇ ಗಿಡಕ್ಕೆ ‘ಲಿಂಗ್’ ಎಂಬ ಇನ್ನೊಂದು ಹೆಸರೂ ಉಂಟು. ಅದು ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಹಳೆಯ ನಾರ್ಸ್ ಭಾಷೆಯ ಶಬ್ದ. ಸಸ್ಯಶಾಸ್ತ್ರಜ್ಞರು ಇದನ್ನು ‘ಕ್ಯಾಲುನಾ ವಲ್ಗಾರಿಸ್’ ಎನ್ನುತ್ತಾರೆ. ಕ್ಯಾಲುನಾ ಎಂಬುದು ‘ಗುಡಿಸು, ಚೊಕ್ಕಟಮಾಡು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದದ್ದು. ಈ ಗಿಡದ ಕಡ್ಡಿಗಳಿಂದ ಕಸಬರಿಗೆ ಕಟ್ಟುತ್ತಿದ್ದುದೇ ಅದಕ್ಕೆ ಕಾರಣ. ವಲ್ಗಾರಿಸ್ ಎಂದರೆ ಸಾಮಾನ್ಯವಾದುದು. ಕಸಬರಿಗೆಗೆ ಒದಗುವ ಸಾಮಾನ್ಯ ಗಿಡವೊಂದು ಒಂದು ನಾಡಿನ ಬೆಟ್ಟಗಳಿಗೆಲ್ಲ ಬಣ್ಣ ಕೊಟ್ಟಿರುವುದು ಗಮನಾರ್ಹ.

3. ಸ್ಥಳಸ್ವರೂಪ

ಇಂಗ್ಲೆಂಡಿನ ನಡುಬೆನ್ನೆಲುಬಿನಂತೆ ಉತ್ತರ ದಕ್ಷಿಣವಾಗಿ ಹಬ್ಬಿರುವ ಪರ್ವತಸಾಲಿಗೆ ಪೆನೈನ್ಸ್ ಎಂದು ಹೆಸರು. ಅದರ ದಕ್ಷಿಣ ತುದಿಯ ಭಾಗ ಪೀಕ್ ಡಿಸ್ಟ್ರಿಕ್ಟ್. ಅಲ್ಲಿಯ ಅತ್ಯುನ್ನತ ಸ್ಥಳವೇ ಕಿಂಡರ್ ಸ್ಕೌಟ್. ಇದರ ಎತ್ತರ 636 ಮೀಟರ್. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆಯೆಂಬುದನ್ನು ನೆನೆದರೆ ಇದೊಂದು ಬೆಟ್ಟವೇ ಎನಿಸಬಹುದು. ಆದರೆ ಅದು ಭೂಮಧ್ಯರೇಖೆಯಿಂದ ಬಹಳ ಉತ್ತರಕ್ಕೆ, 53ನೆಯ ಅಕ್ಷಾಂಶದ ಮೇಲೆ, ಪಡುವಣ ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತಿದೆ. ಆದುದರಿಂದ ಆ ಎತ್ತರದಲ್ಲಿಯೇ ಚಳಿ, ಮಂಜು, ಮಳೆ, ಬಿರುಗಾಳಿಗಳು ಒಂದರ ಬೆನ್ನಿಗೊಂದು ಬಂದೆರಗುತ್ತವೆ.

‘ಪೀಕ್’ ಎಂದರೆ ಶಿಖರವೆಂದು ತಿಳಿದು ಹೋದವನಿಗೆ ಅಲ್ಲಿ ಶಿಖರವೇ ಕಾಣುವುದಿಲ್ಲ. ಕಿಂಡರ್ ಸ್ಕೌಟ್ ಒಂದು ವಿಶಾಲವಾದ ಮೇಜಿನಂತಹ ಪ್ರಸ್ಥಭೂಮಿ. ಅದರ ಅಂಚುಗಳು ಮಾತ್ರ ಕಡಿದಾಗಿ ಇಳಿಯುತ್ತವೆ. ಆ ಅಂಚುಗಳಲ್ಲಿ ಗ್ರಿಟ್‌ಸ್ಟೋನ್ ಎಂಬ ಒರಟು ಮರಳುಗಲ್ಲಿನ ಬಂಡೆಗಳು ಹೊರಚಾಚಿವೆ. ‘ಸ್ಕೌಟ್’ ಎಂಬುದು ಹೊರಚಾಚಿದ ಬಂಡೆ ಎಂಬ ಅರ್ಥದ ನಾರ್ಸ್ ಶಬ್ದದಿಂದ ಬಂದದ್ದೆಂಬುದನ್ನು ಇಲ್ಲಿ ನೆನೆಯಬಹುದು. ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಮಹಾನದಿಯೊಂದು ಸಮುದ್ರಕ್ಕೆ ಸೇರುವಲ್ಲಿ ತಂದು ಸುರಿದ ಮರಳು ಗಟ್ಟಿಯಾಗಿ ಈ ಕಲ್ಲಾಯಿತು. ಬೀಸುವ ಕಲ್ಲುಗಳನ್ನು ಇದರಿಂದಲೇ ಕಡಿಯುತ್ತಿದ್ದರು. ‘ಮಿಲ್‌ಸ್ಟೋನ್ ಗ್ರಿಟ್’ ಎಂಬ ಹೆಸರು ಅದರಿಂದ ಬಂದಿತು. ಗಾಳಿಮಳೆಗಳು ಈ ಬಂಡೆಗಳನ್ನು ತೀಡಿ ವಿಚಿತ್ರಾಕಾರಗಳನ್ನು ಕೊಟ್ಟಿವೆ. ದಕ್ಷಿಣದ ಅಂಚಿನಲ್ಲಿರುವ ಒಂದು ಬಂಡೆಗಳ ಗುಂಪಿಗೆ ಜನರು ‘ವೂಲ್ ಪ್ಯಾಕ್ಸ್’, ಎಂದರೆ ಉಣ್ಣೆಯ ಮೂಟೆಗಳು, ಎಂದು ಹೆಸರಿಟ್ಟಿದ್ದಾರೆ.

ಕಲ್ಲಿನ ಮೇಲೆ ಹೊದ್ದಿರುವುದು ‘ಪೀಟ್’ ಎಂಬ ಕಪ್ಪು ಮಣ್ಣು. ನಮ್ಮ ಎರೆಮಣ್ಣಿನಂತೆ ಇದು ಕಲ್ಲು ಸವೆದು ಆದುದಲ್ಲ. ಸತ್ತ ಸಸ್ಯಗಳೇ ಪದರಪದರವಾಗಿ ಶೇಖರವಾದುದು. ಸದಾ ನೀರು ನಿಂತಿರುವುದರಿಂದ ಅಲ್ಲಿ ಗಾಳಿಯಾಡದು. ಸತ್ತ ಗಿಡ ಪೂರ್ತಿಯಾಗಿ ಕೊಳೆಯದು. ಸ್ಫ್ಯಾಗ್ನಂ ಎಂಬ ಜಾತಿಯ ಹಾವಸೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಂಡು, ಮೇಲೆ ಬೆಳೆಯುತ್ತ, ಕೆಳಗೆ ಸಾಯುತ್ತ ಈ ಮಣ್ಣನ್ನು ಕಟ್ಟುತ್ತದೆ. ಅನುಕೂಲ ಸ್ಥಿತಿಯಲ್ಲಿ ಪೀಟ್ ಬೆಳೆಯುವ ವೇಗ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಎಂದಮೇಲೆ ಆಳುದ್ದದ ಪೀಟ್ ಕಂಡರೆ ಅದು ಸುಮಾರು ಎರಡು ಸಾವಿರ ವರ್ಷಗಳ ಸಂಗ್ರಹವೆಂದು ತಿಳಿಯಬೇಕು. ಗಿಡಗಳು ಗಾಳಿಯಿಂದ ಹೀರಿದ ಇಂಗಾಲವೂ ಅದರಲ್ಲಿಯೇ ಅಡಗಿರುತ್ತದೆ.

4. ಹೆದರ್ ಗಿಡವೂ ಮನುಷ್ಯನ ಕೈವಾಡವೂ

ಹೆದರ್ ಒಂದು ಕುಳ್ಳಾದ ನಿತ್ಯಹರಿದ್ವರ್ಣ ಪೊದೆ. ಮೊಣಕಾಲೆತ್ತರಕ್ಕಿಂತ ಹೆಚ್ಚಾಗಿ ಬೆಳೆಯುವುದು ಅಪರೂಪ. ಎಲೆಗಳು ಅಕ್ಕಿಕಾಳಿಗಿಂತಲೂ ಸಣ್ಣವು. ಕಡ್ಡಿಗೆ ಅಂಟಿಕೊಂಡಂತೆ ಇರುತ್ತವೆ. ಬಿಡಿ ಹೂವನ್ನು ಯಾರೂ ಗಮನಿಸಲಾರರು. ಆದರೆ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಕೋಟಿಗಟ್ಟಲೆ ಹೂಗಳು ಒಮ್ಮೆಲೇ ಅರಳಿದಾಗ ಬೆಟ್ಟದ ಇಳಿಜಾರುಗಳೆಲ್ಲ ನಸುಗೆಂಪು ಬೆರೆತ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಜೇನುಸಾಕಣೆಗಾರರು ಆ ಕಾಲಕ್ಕೆ ಪೆಟ್ಟಿಗೆಗಳನ್ನು ಹೇರಿಕೊಂಡು ಬಂದು ಮೂರ್‌ನ ಅಂಚಿನಲ್ಲಿ ಇಡುವುದು ಹಳೆಯ ರೂಢಿ. ಹೆದರ್ ಜೇನು ಬಹಳ ಮಂದ. ಕಲಕಿದರೆ ನೀರಾಗಿ, ಬಿಟ್ಟರೆ ಮತ್ತೆ ಗಟ್ಟಿಯಾಗುವ ಗುಣ ಅದಕ್ಕುಂಟು. ಹೆದರ್ ಜೊತೆಗೆ ಬಿಲ್‌ಬೆರಿ ಎಂಬ ಕಪ್ಪುನೀಲಿ ಹಣ್ಣಿನ ಪೊದೆ, ಬೇಸಗೆಯ ಆರಂಭದಲ್ಲಿ ಬಿಳಿಯ ಅರಳೆಯಂತೆ ಕಾಣುವ ಹತ್ತಿಹುಲ್ಲು ಇವೂ ಕಿಂಡರ್‌ನ ಮೇಲೆ ಬೆಳೆಯುತ್ತವೆ.

ಇಷ್ಟನ್ನು ಕಂಡ ಪ್ರವಾಸಿ ಇದು ಸೃಷ್ಟಿಯ ಆದಿಯಿಂದ ಹೀಗೆಯೇ ಇದ್ದ ನಿಸರ್ಗವೆಂದು ಭಾವಿಸುವುದು ಸಹಜ. ವಾಸ್ತವವಾಗಿ ಹಾಗಿಲ್ಲ. ಪೀಟ್‌ನಲ್ಲಿ ಉಳಿದಿರುವ ಪರಾಗದ ಕಣಗಳನ್ನು ಪರೀಕ್ಷಿಸಿದ ವಿದ್ವಾಂಸರು, ಈ ಬೆಟ್ಟನಾಡಿನ ಬಹುಭಾಗ ಒಂದು ಕಾಲದಲ್ಲಿ ಕಾಡಾಗಿತ್ತೆಂದು ನಿರ್ಧರಿಸಿದ್ದಾರೆ. ಶಿಲಾಯುಗದಿಂದ ಮೊದಲಾಗಿ ಮನುಷ್ಯರು ಮರ ಕಡಿದರು, ಬೆಂಕಿಯಿಟ್ಟರು, ದನಕುರಿಗಳನ್ನು ಮೇಯಿಸಿದರು; ಹವೆಯೂ ತಂಪಾಗಿ ತೇವವಾಯಿತು. ಮರಗಳು ಹಿಂದೆ ಸರಿದ ಸ್ಥಳಗಳಲ್ಲಿ ಹೆದರ್ ಹಬ್ಬಿತು. ಕುರಿ ಮಿತವಾಗಿ ಮೇದರೆ ಹೆದರ್ ಚಿಗುರುತ್ತದೆ. ಅತಿಯಾಗಿ ಮೇದರೆ ಹೆದರ್ ಹೋಗಿ ಹುಲ್ಲು ಉಳಿಯುತ್ತದೆ. ಮೇಯಿಸುವುದನ್ನೂ ಸುಡುವುದನ್ನೂ ಪೂರ್ತಿ ಬಿಟ್ಟರೆ, ಮಣ್ಣು ತೀರ ಜವುಗಲ್ಲದ ಕಡೆ, ಮರಗಳು ಮತ್ತೆ ಬರುತ್ತವೆ. ಹಾಗಾಗಿ ಹೆದರ್ ಹೊದ್ದ ಬೆಟ್ಟವೆಂಬುದು ನಿಸರ್ಗವೂ ಮನುಷ್ಯನೂ ಕೂಡಿ ಬರೆದ ಗ್ರಂಥ. ಅದರಲ್ಲಿ ಮೂಲಪಾಠ ಯಾವುದು, ಪ್ರಕ್ಷೇಪ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ.

5. ನಡಿಗೆಯ ಸೊಗಸು

ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ಎಂಬ ಎರಡು ದೊಡ್ಡ ಕೈಗಾರಿಕಾ ನಗರಗಳ ನಡುವೆ ಈ ಬೆಟ್ಟವಿದೆ. ಎರಡನ್ನೂ ಕೂಡಿಸುವ ರೈಲುಮಾರ್ಗವು 1894ರಲ್ಲಿ ಈ ಕಣಿವೆಯಲ್ಲಿ ಬಂದಿತು. ಈಡೇಲ್ ಎಂಬ ಪುಟ್ಟ ಗ್ರಾಮಕ್ಕೆ ನಿಲ್ದಾಣ ದೊರೆಯಿತು. ಅಲ್ಲಿಂದ ನಡೆದುಹೋಗುವವರು ಹೊಲಗಳ ನಡುವಣ ಕಲ್ಲುಗೋಡೆಗಳನ್ನು ದಾಟಿ, ಹೇರುಕುದುರೆಗಳ ಕಾಲದ ಹಳೆಯ ಮಾರ್ಗದಲ್ಲಿ ‘ಜೇಕಬ್ಸ್ ಲ್ಯಾಡರ್’ ಎಂಬ ಕಲ್ಲುಮೆಟ್ಟಿಲುಗಳನ್ನೇರಿ ಮೇಲಂಚನ್ನು ಸೇರುತ್ತಾರೆ. ಅಲ್ಲಿಂದ ಪಶ್ಚಿಮದ ಅಂಚನ್ನು ಹಿಡಿದು ಉತ್ತರಕ್ಕೆ ನಡೆದರೆ ‘ಕಿಂಡರ್ ಡೌನ್‌ಫಾಲ್’ ಎಂಬ ಜಲಪಾತ. ಇದು ಸುಮಾರು 30 ಮೀಟರ್ ಆಳಕ್ಕೆ ಬೀಳುತ್ತದೆ. ಪಡುವಣ ಗಾಳಿ ಬಲವಾಗಿ ಬೀಸಿದಾಗ ಬೀಳುವ ನೀರು ಕೆಳಗೆ ಮುಟ್ಟದೆ ಹೊಗೆಯಂತೆ ಮೇಲಕ್ಕೇ ಹಾರಿ ಬರುತ್ತದೆ. ಈ ತುಂತುರು ಬಹುದೂರದಿಂದಲೂ ಕಾಣುವುದುಂಟು.

ಇಲ್ಲಿಯ ನಡಿಗೆಯ ಆಕರ್ಷಣೆ ಯಾವುದರಲ್ಲಿದೆ? ದೇವಾಲಯವಿಲ್ಲ, ಕೋಟೆಯಿಲ್ಲ, ಹತ್ತಿದೆನೆಂದು ಹೆಮ್ಮೆಪಡಲು ಮೊನಚಾದ ಶಿಖರವೂ ಇಲ್ಲ. ಇರುವುದು ಅಡ್ಡಿಯಿಲ್ಲದ ಆಕಾಶ ಮತ್ತು ತೆರೆದ ನೆಲ. ಕಾಡಿನಲ್ಲಿ ನಡೆಯುವವನಿಗೆ ಹತ್ತು ಮಾರು ದೂರ ಕಂಡರೆ ಹೆಚ್ಚು. ಮೂರ್‌ನ ಮೇಲೆ ನಡೆಯುವವನು ತಾನು ಬಂದ ದಾರಿಯನ್ನೂ ಹೋಗಬೇಕಾದ ದಾರಿಯನ್ನೂ ಒಟ್ಟಿಗೆ ಕಾಣುತ್ತಾನೆ. ಮೋಡದ ನೆರಳು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ದಾಟುವುದನ್ನು ನಿಂತು ನೋಡಬಹುದು. ವಸಂತದಲ್ಲಿ ಉದ್ದನೆಯ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಯ ಏರುದನಿಯ ಕೂಗು, ಕಾಲಬುಡದಿಂದ ಗ್ರೌಸ್ ಹಕ್ಕಿ ಫಕ್ಕನೆ ಹಾರುವ ಸದ್ದು, ಇವನ್ನು ಬಿಟ್ಟರೆ ಗಾಳಿಯದೇ ಮಾತು. ಚಳಿಗಾಲಕ್ಕೆ ಬಿಳಿಯ ತುಪ್ಪಳ ತಳೆಯುವ ಬೆಟ್ಟದ ಮೊಲಗಳೂ ಇಲ್ಲಿ ಉಂಟು. ಇವನ್ನು 19ನೆಯ ಶತಮಾನದಲ್ಲಿ ತಂದು ಬಿಡಲಾಯಿತು.

ಆದರೆ ಪ್ರಸ್ಥಭೂಮಿಯ ನಡುಭಾಗ ಮೋಸಗಾರ. ಅಲ್ಲಿ ಪೀಟ್ ಕೊರೆದು ಹೋಗಿ, ಆಳೆತ್ತರದ ಕೊರಕಲುಗಳು ಬಲೆಯಂತೆ ಹೆಣೆದುಕೊಂಡಿವೆ. ‘ಗ್ರಫ್’ ಎಂದು ಅವುಗಳ ಹೆಸರು. ಮಂಜು ಕವಿದರೆ ದಿಕ್ಕು ತಿಳಿಯದು. ನಕ್ಷೆ, ದಿಕ್ಸೂಚಿ, ಬೆಚ್ಚನೆಯ ಉಡುಪು ಇಲ್ಲದೆ ಅಲ್ಲಿಗೆ ಹೋಗಬಾರದೆಂದು ತಿಳಿದವರು ಎಚ್ಚರಿಸುತ್ತಾರೆ. ಬೆಟ್ಟದ ಸೊಬಗು ಅದರ ಕಾಠಿನ್ಯದಿಂದ ಬೇರೆಯಾದುದಲ್ಲ.

6. ಬೆಟ್ಟಕ್ಕೆ ಬಿದ್ದ ಬೇಲಿ

ಹಿಂದೆ ಇಂತಹ ಬೆಟ್ಟಗಳು ಬಹುಮಟ್ಟಿಗೆ ಸುತ್ತಲ ಹಳ್ಳಿಗರ ಬಳಕೆಯ ನೆಲಗಳಾಗಿದ್ದವು. ಒಡೆತನ ಭೂಸ್ವಾಮಿಯದಾದರೂ ಕುರಿ ಮೇಯಿಸುವ, ಉರುವಲಿಗೆ ಪೀಟ್ ಕಡಿಯುವ, ಚಾವಣಿಗೂ ಹಾಸಿಗೆಗೂ ಹೆದರ್ ಕೊಯ್ಯುವ ಹಕ್ಕುಗಳು ಊರವರಿಗಿದ್ದವು. ನಮ್ಮ ಗೋಮಾಳಗಳನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಶಾಸನದ ಪರಿಭಾಷೆಯಲ್ಲಿ ಉಳದೆ ಬಿಟ್ಟ ಈ ನೆಲಕ್ಕೆ ‘ವೇಸ್ಟ್’, ಎಂದರೆ ಪಾಳು, ಎಂದು ಹೆಸರು. 18 ಮತ್ತು 19ನೆಯ ಶತಮಾನಗಳಲ್ಲಿ ಒಂದರ ಮೇಲೊಂದು ಬಂದ ಆವರಣ ಶಾಸನಗಳು ಪಾಳನ್ನು ಸುಧಾರಿಸುವ ಹೆಸರಿನಲ್ಲಿ ಇಂತಹ ನೆಲಗಳನ್ನು ಖಾಸಗಿ ಒಡೆತನಕ್ಕೆ ಹಂಚಿದವು. ಕಿಂಡರ್‌ನ ಮೂರ್ ಕೂಡ 19ನೆಯ ಶತಮಾನದಲ್ಲಿ ಹೀಗೆ ಹಂಚಿಹೋಯಿತು. ಇದೇ ಮಾತು ಬ್ರಿಟಿಷ್ ಆಡಳಿತದೊಡನೆ ಭಾರತದ ಕಂದಾಯ ದಾಖಲೆಗಳಿಗೂ ಬಂದಿತೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಕಂದಾಯ ಬಾರದ ನೆಲವೆಲ್ಲ ಪಾಳೆಂದು ಬರೆಯುವ ರೂಢಿ ಹೊಲದಂಚಿನ ಹುಲ್ಲುಗಾವಲನ್ನೂ ಕುರುಚಲನ್ನೂ ಒಂದೇ ಹೆಸರಿನಲ್ಲಿ ಅಡಗಿಸಿಬಿಟ್ಟಿತು.

ಸುಧಾರಣೆಯ ಹೆಸರಿನಲ್ಲಿ ಹಂಚಿದ ಮೂರ್‌ಗಳ ಮೇಲೆ ಗೋಧಿ ಬೆಳೆಯಲಿಲ್ಲ. ಕಾಲಕ್ರಮದಲ್ಲಿ ಅವು ಗ್ರೌಸ್ ಬೇಟೆಯ ನೆಲೆಗಳಾದವು. ಕೆಂಪು ಗ್ರೌಸ್ ಎಂಬುದು ಕೌಜುಗವನ್ನು ಹೋಲುವ, ಎಳೆಯ ಹೆದರ್ ಚಿಗುರನ್ನೇ ಮುಖ್ಯವಾಗಿ ತಿಂದು ಬದುಕುವ ಹಕ್ಕಿ. ಅದರ ಬೇಟೆಯ ಕಾಲ ಆಗಸ್ಟ್ 12ರಂದು ಆರಂಭವಾಗುತ್ತದೆ. ಹಕ್ಕಿಗಳು ಹೆಚ್ಚಲೆಂದು ಹೆದರ್ ಅನ್ನು ತುಂಡುತುಂಡಾಗಿ ಸರದಿಯ ಮೇಲೆ ಸುಡುವ ಪದ್ಧತಿ ಬೆಳೆಯಿತು. ಸುಟ್ಟ ಕಡೆ ಎಳೆಯ ಚಿಗುರು ಆಹಾರಕ್ಕೆ, ಸುಡದ ಕಡೆ ಎತ್ತರದ ಪೊದೆ ಮರೆಗೆ. ದೂರದಿಂದ ನೋಡಿದರೆ ಇಂತಹ ಬೆಟ್ಟಗಳು ತೇಪೆ ಹಾಕಿದ ಕೌದಿಯಂತೆ ಕಾಣಲು ಇದೇ ಕಾರಣ. ವರ್ಷದ ಕೆಲವೇ ದಿನಗಳ ಬೇಟೆಗಾಗಿ ವರ್ಷವಿಡೀ ಕಾವಲುಗಾರರನ್ನಿಟ್ಟು, ನಡೆಯಲು ಬಂದವರನ್ನು ಹಿಂದಕ್ಕಟ್ಟಲಾಯಿತು.

ಇತ್ತ ಅದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಹತ್ತಿಗಿರಣಿಗಳಲ್ಲಿಯೂ ಷೆಫೀಲ್ಡಿನ ಉಕ್ಕಿನ ಕಾರ್ಖಾನೆಗಳಲ್ಲಿಯೂ ದುಡಿಯುವ ಜನ ಹೆಚ್ಚಿದರು. ಹೊಗೆ ಮುಸುಕಿದ ಕೇರಿಗಳಲ್ಲಿ ಆರು ದಿನ ಕಳೆದವರಿಗೆ ಭಾನುವಾರದ ಒಂದು ದಿನ, ಕೆಲವೇ ಕಾಸಿನ ರೈಲುಟಿಕೆಟ್ಟಿನ ದೂರದಲ್ಲಿ ಆ ನೇರಳೆ ಬೆಟ್ಟ ಕಾಣುತ್ತಿತ್ತು. ಹತ್ತಲು ಮಾತ್ರ ಅಪ್ಪಣೆಯಿರಲಿಲ್ಲ. ಬೆಟ್ಟದ ಬುಡದ ಹೇಫೀಲ್ಡ್ ಗ್ರಾಮದಲ್ಲಿ ಹಳೆಯ ಕಾಲುದಾರಿಗಳ ರಕ್ಷಣೆಗಾಗಿ 1876ರಲ್ಲಿಯೇ ಒಂದು ಸಂಘ ಹುಟ್ಟಿತು. ಪರ್ವತಗಳ ಮೇಲೆ ನಡೆಯುವ ಹಕ್ಕನ್ನು ಕೊಡಬೇಕೆಂದು ಜೇಮ್ಸ್ ಬ್ರೈಸ್ ಎಂಬ ಸಂಸತ್ಸದಸ್ಯರು 1884ರಲ್ಲಿ ಒಂದು ಮಸೂದೆಯನ್ನು ಮಂಡಿಸಿದರು, ಅದು ಅಂಗೀಕಾರವಾಗಲಿಲ್ಲ. 1897ರಲ್ಲಿ ಹೇಫೀಲ್ಡಿನಿಂದ ಹೊರಡುವ ಒಂದು ಕಾಲುದಾರಿ ಸಾರ್ವಜನಿಕರಿಗೆ ತೆರೆಯಿತು. ದಾರಿ ದೊರೆತರೂ ದಾರಿಯ ಅಕ್ಕಪಕ್ಕದ ಬೆಟ್ಟ ಮುಚ್ಚಿಯೇ ಇತ್ತು. 1900ರಲ್ಲಿ ಜಿ. ಎಚ್. ಬಿ. ವಾರ್ಡ್ ಎಂಬುವರು ಷೆಫೀಲ್ಡಿನಲ್ಲಿ ಶ್ರಮಜೀವಿಗಳ ನಡಿಗೆಯ ಬಳಗವೊಂದನ್ನು ಆರಂಭಿಸಿದರು. ಅದರ ಮೊದಲ ನಡಿಗೆ ಕಿಂಡರ್ ಸ್ಕೌಟಿನ ಸುತ್ತಲೇ ನಡೆಯಿತು.

7. 1932ನೆಯ ಇಸವಿ ಏಪ್ರಿಲ್ 24

ಅದು ನಿರುದ್ಯೋಗದ ಕಾಲ. 1932ರ ಏಪ್ರಿಲ್ 24, ಭಾನುವಾರ, ಸುಮಾರು ನಾಲ್ಕುನೂರು ಜನ ಹೇಫೀಲ್ಡಿನ ಬಳಿಯ ಒಂದು ಕಲ್ಲುಗಣಿಯಲ್ಲಿ ನೆರೆದರು. ಬಹುಮಂದಿ ಮ್ಯಾಂಚೆಸ್ಟರಿನಿಂದ ಬಂದ ಯುವಕಯುವತಿಯರು. ಮುಂದಾಳು ಬೆನ್ನಿ ರಾತ್‌ಮನ್. ಅವರಿಗೆ ಆಗ ಇಪ್ಪತ್ತು ವರ್ಷ. ಬೆಟ್ಟವನ್ನು ಬಹಿರಂಗವಾಗಿ, ಗುಂಪಾಗಿ ಹತ್ತುವುದೆಂದು ಸಾರಿಯೇ ಅವರು ಬಂದಿದ್ದರು. ವಿಲಿಯಂ ಕ್ಲಫ್ ಎಂಬ ಕಣಿವೆಯ ದಾರಿಯನ್ನು ಬಿಟ್ಟು ಇಳಿಜಾರಿನಲ್ಲಿ ಮೇಲೇರತೊಡಗಿದಾಗ ಕಾವಲುಗಾರರು ಅಡ್ಡಗಟ್ಟಿದರು. ಕೈಕೈ ಮಿಲಾಯಿಸಿತು, ಒಬ್ಬ ಕಾವಲುಗಾರನ ಕಾಲಿಗೆ ಪೆಟ್ಟಾಯಿತು. ಗುಂಪು ಮೇಲೇರಿ, ಈಡೇಲ್ ಕಡೆಯಿಂದ ಬಂದಿದ್ದ ಷೆಫೀಲ್ಡಿನ ಸಂಗಡಿಗರನ್ನು ಕೂಡಿಕೊಂಡು, ಸಂಜೆಗೆ ಹೇಫೀಲ್ಡಿಗೆ ಮರಳಿತು. ಅಲ್ಲಿ ಪೊಲೀಸರು ಕಾದಿದ್ದರು.

ಪರರ ನೆಲದಲ್ಲಿ ನಡೆದುದು ಆಗಿನ ಶಾಸನದಂತೆ ಅಪರಾಧವಲ್ಲ, ಕೇವಲ ಸಿವಿಲ್ ವ್ಯಾಜ್ಯದ ವಿಷಯ. ಆದುದರಿಂದ ಬಂಧಿತರ ಮೇಲೆ ಗಲಭೆಯೆಬ್ಬಿಸುವ ಕೂಟ ಸೇರಿದರೆಂಬುದೇ ಮೊದಲಾದ ಆರೋಪಗಳನ್ನು ಹೊರಿಸಲಾಯಿತು. ಆ ಜುಲೈ ತಿಂಗಳಲ್ಲಿ ಡರ್ಬಿ ನ್ಯಾಯಾಲಯವು ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆಮನೆಯ ಶಿಕ್ಷೆ ವಿಧಿಸಿತು. ರಾತ್‌ಮನ್‌ಗೆ ನಾಲ್ಕು ತಿಂಗಳು. ಅದುವರೆಗೆ ಮನವಿ, ಮಸೂದೆಗಳ ಮಾರ್ಗದಲ್ಲಿ ನಡೆದಿದ್ದ ಹಿರಿಯ ಸಂಘಗಳವರು ಈ ಸಾಹಸವನ್ನು ಮೆಚ್ಚಿರಲಿಲ್ಲ. ಇದರಿಂದ ತಮ್ಮ ಕಾರ್ಯ ಕೆಡುವುದೆಂದು ಭಾವಿಸಿದ್ದರು. ಆದರೆ ಬೆಟ್ಟದ ಮೇಲೆ ನಡೆದುದರ ಫಲವಾಗಿ ಯುವಕರು ಸೆರೆಮನೆ ಸೇರಿದರೆಂಬ ಸುದ್ದಿ ಜನಮನವನ್ನು ಕಲಕಿತು. ಆ ದಿನ ನಡೆದವರಲ್ಲೊಬ್ಬರು ಮುಂದೆ ಇವಾನ್ ಮ್ಯಾಕಾಲ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಹಾಡುಗಾರ. ಅವರು ರಚಿಸಿದ ‘ದಿ ಮ್ಯಾಂಚೆಸ್ಟರ್ ರ್‍ಯಾಂಬ್ಲರ್’ ಎಂಬ ಹಾಡು ಇಂದಿಗೂ ಪ್ರಚಾರದಲ್ಲಿದೆ.

8. ಶಾಸನದಲ್ಲಿ ಅದೇ ಶಬ್ದ

ಯುದ್ಧಾನಂತರ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಶಾಸನ ಬಂದಿತು. 1951ರ ಏಪ್ರಿಲ್ 17ರಂದು ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲನೆಯ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಮುಂದಿನ ವರ್ಷಗಳಲ್ಲಿ ಭೂಮಾಲೀಕರೊಡನೆ ಮಾಡಿಕೊಂಡ ಒಪ್ಪಂದಗಳಿಂದ ಕಿಂಡರ್ ನಡೆಯುವವರಿಗೆ ತೆರೆಯಿತು. ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತರು 1935ರಲ್ಲಿಯೇ ಸೂಚಿಸಿದ್ದ ‘ಪೆನೈನ್ ವೇ’ ಎಂಬ ದೀರ್ಘ ಕಾಲುದಾರಿ 1965ರಲ್ಲಿ ಉದ್ಘಾಟನೆಯಾಯಿತು. ಈಡೇಲ್‌ನಲ್ಲಿ ಹೊರಟು ಸ್ಕಾಟ್ಲೆಂಡಿನ ಗಡಿಯಾಚೆಗೆ ಮುಟ್ಟುವ ಈ ದಾರಿಯ ಉದ್ದ ಸುಮಾರು 430 ಕಿಲೋಮೀಟರ್. ಅದರ ಮೊದಲ ದಿನದ ನಡಿಗೆಯೇ ಕಿಂಡರ್. 1982ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಈ ಬೆಟ್ಟವನ್ನು ಕೊಂಡಿತು.

ಕೊನೆಗೆ 2000ನೆಯ ಇಸವಿಯಲ್ಲಿ ಬಂದ ಶಾಸನವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪರ್ವತ, ಮೂರ್, ಹೀತ್, ಹುಲ್ಲುದಿಬ್ಬ ಹಾಗೂ ನೋಂದಾಯಿತ ಸಾಮುದಾಯಿಕ ಭೂಮಿಗಳ ಮೇಲೆ ಕಾಲ್ನಡಿಗೆಯಲ್ಲಿ ಸಂಚರಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಇಂಗ್ಲೆಂಡಿನಲ್ಲಿ ಅದು 2004ರಿಂದ 2005ರ ಒಳಗೆ ಪ್ರದೇಶಪ್ರದೇಶವಾಗಿ ಜಾರಿಗೆ ಬಂದಿತು. ಶಬ್ದಾಭ್ಯಾಸಿಗಳು ಗಮನಿಸಬೇಕಾದ ಸಂಗತಿ ಇದು: ಯಾವ ನೆಲವನ್ನು ಪಾಳೆಂಬ ಹೆಸರಿನ ಅಡಿಯಲ್ಲಿ ಜನರಿಂದ ತೆಗೆದುಕೊಳ್ಳಲಾಯಿತೋ ಅದೇ ನೆಲವನ್ನು ಅದರ ನಿಜವಾದ ಹೆಸರಿನಿಂದ ಕರೆದು ಶಾಸನವು ಜನರಿಗೆ ಹಿಂದಿರುಗಿಸಿತು. ಹಕ್ಕಿನೊಡನೆ ಕಟ್ಟುಪಾಡುಗಳೂ ಇವೆ. ಬೆಂಕಿ ಹಚ್ಚಕೂಡದು, ಮಾರ್ಚಿಯಿಂದ ಜುಲೈ ಕೊನೆಯವರೆಗೆ, ಹಕ್ಕಿಗಳು ನೆಲದ ಮೇಲೆ ಗೂಡು ಕಟ್ಟುವ ಕಾಲದಲ್ಲಿ, ನಾಯಿಯನ್ನು ಹಗ್ಗ ಬಿಚ್ಚಿ ಬಿಡಕೂಡದು. ಆ ಘಟನೆಯ ಎಪ್ಪತ್ತನೆಯ ವಾರ್ಷಿಕೋತ್ಸವ ನಡೆದ 2002ರಲ್ಲಿ, ಅಂದಿನ ಭೂಮಾಲೀಕರ ವಂಶಸ್ಥರಾದ ಡೆವನ್‌ಷೈರಿನ ಹನ್ನೊಂದನೆಯ ಡ್ಯೂಕ್ ಹಾಜರಿದ್ದು ತಮ್ಮ ಅಜ್ಜನ ಕಾಲದ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಬೆನ್ನಿ ರಾತ್‌ಮನ್ ಅದೇ ವರ್ಷದ ಜನವರಿಯಲ್ಲಿ ನಿಧನರಾಗಿದ್ದರು.

9. ಬೆಟ್ಟದ ಗಾಯ

ಹಕ್ಕು ದೊರೆಯಿತು, ಆದರೆ ಬೆಟ್ಟ ಆ ವೇಳೆಗೆ ಬಹಳ ಬಡವಾಗಿತ್ತು. ಎರಡು ಶತಮಾನಗಳ ಕಾಲ ಮ್ಯಾಂಚೆಸ್ಟರ್ ಮೊದಲಾದ ನಗರಗಳ ಚಿಮಣಿಗಳಿಂದ ಹೊರಟ ಮಸಿಯೂ ಆಮ್ಲವೂ ಮಳೆಯೊಡನೆ ಇಳಿದು ಸ್ಫ್ಯಾಗ್ನಂ ಹಾವಸೆಯನ್ನು ಕೊಂದಿದ್ದವು. ಅದರ ಮೇಲೆ ಅತಿಯಾದ ಕುರಿ ಮೇಯುವಿಕೆ, ಆಗಾಗ ಬೀಳುವ ಬೆಂಕಿ, ಸಾವಿರಾರು ಬೂಟುಗಳ ತುಳಿತ. ಹೊದಿಕೆ ಹೋದ ಪೀಟ್ ಒಣಗಿ, ಗಾಳಿಗೆ ಹಾರಿ, ಮಳೆಗೆ ಕೊಚ್ಚಿ ಹೊಳೆ ಸೇರುತ್ತಿತ್ತು. ಸಾವಿರಾರು ವರ್ಷ ಅಡಗಿದ್ದ ಇಂಗಾಲ ಗಾಳಿಗೆ ಮರಳುತ್ತಿತ್ತು. ವರ್ಷಕ್ಕೆ ಮಿಲಿಮೀಟರಿನಂತೆ ಬೆಳೆದ ಮಣ್ಣು ಒಂದು ಮಳೆಗಾಲದಲ್ಲಿ ಎಷ್ಟು ಹೋದರೂ ಅದು ತೀರದ ನಷ್ಟವೇ. ಒಣಗಿದ ಪೀಟಿಗೆ ಬೆಂಕಿ ತಗುಲಿದರೆ ಅದು ನೆಲದೊಳಗೇ ಹೊಗೆಯಾಡುತ್ತ ದಿನಗಟ್ಟಲೆ ಉರಿಯುತ್ತದೆ. 2018ರ ಜೂನ್ ತಿಂಗಳಲ್ಲಿ ಇದೇ ಪೆನೈನ್ಸ್ ಸಾಲಿನ ಸ್ಯಾಡಲ್‌ವರ್ತ್ ಮೂರ್‌ನಲ್ಲಿ ಬಿದ್ದ ಬೆಂಕಿಯನ್ನು ನಂದಿಸಲು ಸೈನಿಕರ ನೆರವನ್ನೂ ಪಡೆಯಬೇಕಾಯಿತು.

ಇದಕ್ಕೆ ನಡೆದಿರುವ ಚಿಕಿತ್ಸೆಯು ಹೊಲದ ಬದು ಕಟ್ಟಿಸಿದವರಿಗೆ ಚೆನ್ನಾಗಿ ಅರ್ಥವಾಗುವಂತಹುದು. ಕೊರಕಲುಗಳಿಗೆ ಕಲ್ಲಿನ ಸಣ್ಣ ಸಣ್ಣ ಕಟ್ಟೆಗಳನ್ನು ಹಾಕಿ ನೀರನ್ನು ತಡೆಯುತ್ತಾರೆ. ಬೋಳಾದ ಪೀಟಿನ ಮೇಲೆ ಬೇರೆಡೆ ಕೊಯ್ದ ಹೆದರ್ ಕಡ್ಡಿಗಳನ್ನು ಹರಡುತ್ತಾರೆ. ಅದರಿಂದ ಮಣ್ಣು ನಿಲ್ಲುತ್ತದೆ, ಅದರಲ್ಲಿನ ಬೀಜಗಳೂ ಬೀಳುತ್ತವೆ. ಆಮ್ಲ ಶಮನಕ್ಕೆ ಸುಣ್ಣ ಎರಚಿ, ಮೊದಲು ಹುಲ್ಲು ಹಿಡಿಸಿ, ಆಮೇಲೆ ಹಾವಸೆಯ ಎಳೆಗಳನ್ನು ಕೈಯಿಂದ ನೆಡುತ್ತಾರೆ. ರಸ್ತೆಯಿಲ್ಲದ ಈ ಬೆಟ್ಟಕ್ಕೆ ಕಲ್ಲು, ಕಡ್ಡಿಗಳನ್ನು ಹೆಲಿಕಾಪ್ಟರಿನಿಂದ ಇಳಿಸುತ್ತಾರೆ. ಕುರಿಗಳನ್ನು ಹೊರಗಿಟ್ಟ ಕಡೆಗಳಲ್ಲಿ ಹೆದರ್, ಬಿಲ್‌ಬೆರಿಗಳು ಮತ್ತೆ ಹಬ್ಬಿವೆ. 2009ರಲ್ಲಿ ಕಿಂಡರ್ ಸ್ಕೌಟ್ ರಾಷ್ಟ್ರೀಯ ನಿಸರ್ಗಧಾಮವಾಯಿತು. ಆಳವಾದ ಪೀಟಿರುವ ಸಂರಕ್ಷಿತ ಮೂರ್‌ಗಳಲ್ಲಿ ಅಪ್ಪಣೆಯಿಲ್ಲದೆ ಹೆದರ್ ಸುಡುವುದನ್ನು ಇಂಗ್ಲೆಂಡಿನಲ್ಲಿ 2021ರ ನಿಯಮಗಳು ನಿಷೇಧಿಸಿದವು.

ನಡೆಯುವವರೂ ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದಾರೆ. ಮೊದಲು ಪ್ರಸ್ಥಭೂಮಿಯ ನಡುವೆಯೇ ಹಾದುಹೋಗುತ್ತಿದ್ದ ಪೆನೈನ್ ವೇ, ಪೀಟ್ ಸವೆದುದರಿಂದ ಜೇಕಬ್ಸ್ ಲ್ಯಾಡರಿನ ಕಡೆಗೆ ತಿರುಗಿತು. ಈ ದೀರ್ಘ ಮಾರ್ಗದಲ್ಲಿ ಜವುಗು ಹೆಚ್ಚಾದ ಕಡೆಗಳಲ್ಲಿ ಚಪ್ಪಡಿ ಕಲ್ಲುಗಳನ್ನು ಹಾಸಿದ್ದಾರೆ. ಆ ಚಪ್ಪಡಿಗಳಲ್ಲಿ ಅನೇಕವು ಕೆಡವಿದ ಹಳೆಯ ಬಟ್ಟೆಗಿರಣಿಗಳ ನೆಲಹಾಸಿನವು. ಭಾನುವಾರಕ್ಕಾಗಿ ಕಾಯುತ್ತ ಕಾರ್ಮಿಕರು ಯಾವ ಕಲ್ಲಿನ ಮೇಲೆ ವಾರವಿಡೀ ನಿಂತು ದುಡಿದರೋ ಆ ಕಲ್ಲೇ ಈಗ ಬೆಟ್ಟದ ಮೇಲೆ ಅವರ ಮೊಮ್ಮಕ್ಕಳ ಕಾಲನ್ನು ಕೆಸರಿನಿಂದಲೂ ಬೆಟ್ಟವನ್ನು ಅವರ ಕಾಲಿನಿಂದಲೂ ಕಾಪಾಡುತ್ತಿದೆ.

10. ಉಪಸಂಹಾರ

ಇಷ್ಟನ್ನು ತಿಳಿದ ಮೇಲೆ ‘ಮೂರ್’ ಶಬ್ದಕ್ಕೆ ಕನ್ನಡದಲ್ಲಿ ಏನೆಂದು ಅರ್ಥ ಬರೆಯಿಸಬೇಕು? ಒಂದೇ ಪದ ದೊರೆಯದಿದ್ದರೆ ಬಾಧಕವಿಲ್ಲ. ‘ಎತ್ತರದ ನಾಡಿನಲ್ಲಿ ಜವುಗು ಮಣ್ಣಿನ ಮೇಲೆ ಹೆದರ್ ಮೊದಲಾದ ಕುಳ್ಳುಗಿಡಗಳು ಹಬ್ಬಿದ, ಮರಗಳಿಲ್ಲದ ತೆರೆದ ಬೆಟ್ಟಬಯಲು’ ಎಂದು ವಿವರಿಸಿ, ಮೂಲಶಬ್ದವನ್ನೇ ಉಳಿಸಿಕೊಳ್ಳುವುದು ಲೇಸು. ಬಂಜರು, ಪಾಳು ಎಂಬ ಮಾತುಗಳನ್ನು ಮಾತ್ರ ಬಿಡಬೇಕು. ಅವು ನೆಲದ ಗುಣವನ್ನು ಹೇಳುವ ಶಬ್ದಗಳಲ್ಲ. ಆ ನೆಲದಿಂದ ತನಗೇನು ಬಂದೀತೆಂದು ಲೆಕ್ಕ ಹಾಕಿದವನ ಶಬ್ದಗಳು.

ನಮ್ಮ ವಿದ್ಯಾರ್ಥಿಗಳಿಗೆ ಅಧ್ಯಾಪಕ ಬಂಧುಗಳು ಕಲಿಸಬೇಕಾದುದು ಇಷ್ಟು. ಖಾಲಿಯೆಂದು ಕಾಣುವ ನೆಲವನ್ನು ಎರಡನೆಯ ಸಲ ನೋಡಬೇಕು. ಅದರಲ್ಲಿ ಏನು ಬೆಳೆಯುತ್ತದೆ, ಯಾರು ಬಳಸುತ್ತಿದ್ದರು, ಅದಕ್ಕೆ ಪಾಳೆಂಬ ಹೆಸರನ್ನು ಕೊಟ್ಟವರು ಯಾರು ಎಂದು ಕೇಳಬೇಕು. ಆ ಪ್ರಶ್ನೆಗಳನ್ನು ಕೇಳಲು ಡರ್ಬಿಷೈರಿಗೇ ಹೋಗಬೇಕೆಂದಿಲ್ಲ; ಶಾಲೆಯ ಹಿಂದಿನ ಗುಡ್ಡದ ಮೇಲೆ ಮಕ್ಕಳನ್ನು ಒಂದು ಬೆಳಿಗ್ಗೆ ನಡೆಸಿಕೊಂಡು ಹೋದರೂ ಸಾಕು.